ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್ ವೇಟಿಂಗ್: ಲೇಡೀಸ್ ಕೋಟಾ ನೋಡಿ

ಬೆಂಗಳೂರಿಂದ ಹೊಸಪೇಟೆಗೆ ಒಬ್ಬರೇ ಹೊರಟಿದ್ದೀರಿ, ಸ್ಲೀಪರ್ ವೇಟಿಂಗ್ ತೋರಿಸ್ತಿದೆ ಅಂದಿದ್ದೀರಿ. ಬಹುಶಃ ಜನರಲ್ ಕೋಟಾ ಮಾತ್ರ ನೋಡಿದ್ದೀರಿ. ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಲ್ಲಿ 6 ಬರ್ತ್ ಹೆಂಗಸರಿಗೇ ಮೀಸಲು, ವಯಸ್ಸಿನ ಮಿತಿಯೂ ಇಲ್ಲ.

ಐಆರ್‌ಸಿಟಿಸಿಯಲ್ಲಿ ರೈಲು ಹುಡುಕುವ ಪುಟದಲ್ಲೇ ‘ಜನರಲ್’ ಅಂತಿರೋ ಕಡೆ ಒತ್ತಿ ‘ಲೇಡೀಸ್’ ಆರಿಸಿ, ಮತ್ತೆ ಹುಡುಕಿ. ಖಾಲಿ ಕಂಡರೆ ಆಗಲೇ ಬುಕ್ ಮಾಡಿಬಿಡಿ. ಇರೋದೇ ಆರು, ವಾರಾಂತ್ಯಕ್ಕೆ ಸಿಕ್ಕೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಸಿಗದಿದ್ದರೆ ಪ್ರಯಾಣದ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತತ್ಕಾಲ್, ಅಂದರೆ ಕೊನೆ ಗಳಿಗೆಯ ಬುಕಿಂಗ್, ಶುರುವಾಗುತ್ತೆ. ಅದಕ್ಕೆ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು, ಇವತ್ತೇ ಮುಗಿಸಿಕೊಳ್ಳಿ. ಚಾರ್ಟ್ (ಬರ್ತ್ ಹಂಚಿಕೆಯ ಪಟ್ಟಿ) ಆದ ಮೇಲೂ ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗಲ್ಲೇ ಉಳಿದರೆ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ. ಆ ಟಿಕೆಟ್ ಹಿಡಿದು ದಯವಿಟ್ಟು ರೈಲು ಹತ್ತಬೇಡಿ.

ಹೊಸಪೇಟೆ ಬಸ್ ನಿಲ್ದಾಣದಿಂದ ಹಂಪಿ ಸುಮಾರು 13 ಕಿ.ಮೀ. ಸಾಮಾನ್ಯ ಸಾರಿಗೆ ಬಸ್ಸಲ್ಲಿ ಕರ್ನಾಟಕದ ವಿಳಾಸವಿರೋ ಆಧಾರ್ ತೋರಿಸಿದರೆ ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ. ಕಂಡಕ್ಟರ್ ಹರಿದು ಕೊಡೋ ಸೊನ್ನೆ ರೂಪಾಯಿ ಟಿಕೆಟ್ಟನ್ನ ಇಳಿಯೋವರೆಗೂ ಕೈಯಲ್ಲೇ ಇಟ್ಕೊಳ್ಳಿ, ಚೆಕಿಂಗ್‌ನವರು ಅದನ್ನೇ ಕೇಳ್ತಾರೆ.