ಉತ್ತರ ಸಮುದ್ರದಲ್ಲಿ ಬಿರುಗಾಳಿ ಎದ್ದರೆ ಕ್ರೂಸ್ ಹಡಗಿನೊಳಗೆ ಹೇಗಿರುತ್ತದೆ?

ಸೆಪ್ಟೆಂಬರ್ ಕೊನೆಗೆ ಅಪ್ಪ ಅಮ್ಮನ ಜೊತೆ ನಾರ್ವೆ ಕ್ರೂಸ್ ಬುಕ್ ಮಾಡಿದ್ದೀರಿ. ಹಡಗಿನೊಳಗೆ ಕುರ್ಚಿ, ಸೋಫಾ ಎಲ್ಲ ಆ ಕಡೆ ಈ ಕಡೆ ಜಾರುವ ವಿಡಿಯೋವನ್ನು ಅಮ್ಮ ವಾಟ್ಸಾಪ್‌ನಲ್ಲಿ ನೋಡಿ ಹೆದರಿಕೊಂಡಿದ್ದಾರೆ. ಸಮುದ್ರ ಕೆಟ್ಟರೆ ಒಳಗೆ ನಿಜಕ್ಕೂ ಹೇಗಿರುತ್ತೆ, ಕ್ಯಾನ್ಸಲ್ ಮಾಡೋಣವಾ ಅಂತ ಕೇಳಿದ್ದೀರಿ. ಕ್ಯಾನ್ಸಲ್ ಮಾಡಬೇಡಿ. ಆದರೆ ಕ್ಯಾಬಿನ್ ಬದಲಾಯಿಸಬೇಕಾಗಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ನಾನಿರುವುದು ಇಂಗ್ಲೆಂಡಿನಲ್ಲಿ. ಹಾಸನದಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ಅಕ್ಟೋಬರ್‌ನಲ್ಲಿ ಸೌತಾಂಪ್ಟನ್‌ನಿಂದ ಹೊರಡುವ 7 ರಾತ್ರಿಯ ನಾರ್ವೆ ಕ್ರೂಸ್‌ಗೆ ಹೋಗಿದ್ದೆ. ಅಕ್ಟೋಬರ್ ಯಾಕೆ ಅಂದರೆ ಅಗ್ಗ ಇತ್ತು. ಅಗ್ಗ ಯಾಕಿತ್ತು ಅಂತ ಹಡಗು ಹತ್ತಿದ ಮೇಲೆ ಗೊತ್ತಾಯಿತು.

ಮೊದಲು ಆ ವಿಡಿಯೋ ವಿಷಯ. ಅಮ್ಮ ನೋಡಿರುವುದು ಬಹುಶಃ ವೈಕಿಂಗ್ ಸ್ಕೈ ಹಡಗಿನದು. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾ ಎಂಬ ಬಂಡೆಗಳು ತುಂಬಿದ ಜಾಗದಲ್ಲಿ ಅದರ ಎಂಜಿನ್‌ಗಳು ನಿಂತುಹೋದವು. ಕಾರಣ ಅಲೆ ಒಂದೇ ಅಲ್ಲ. ಎಂಜಿನ್ನಿನ ಲೂಬ್ರಿಕೇಟಿಂಗ್ ಆಯಿಲ್ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು, ಹಡಗು ಜೋರಾಗಿ ತೂಗಾಡಿದಾಗ ಪಂಪಿಗೆ ಎಣ್ಣೆ ಸಿಗದೆ ಎಂಜಿನ್ ತಾನಾಗೇ ಬಂದ್ ಆಯಿತು. 479 ಜನರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರಾಗಿ ಮೇಲೆತ್ತಿದರು. ಕೆಲವರಿಗೆ ಗಾಯ ಆಯಿತು, ಯಾರೂ ಸಾಯಲಿಲ್ಲ, ಮರುದಿನ ಹಡಗು ಮೋಲ್ಡೆ ಬಂದರು ಸೇರಿತು. ಅಂದರೆ ಅದು ಬಿರುಗಾಳಿಯ ಜೊತೆ ಎಂಜಿನ್ನೂ ಕೈಕೊಟ್ಟ ದಿನ. ಎಂಜಿನ್ ಸರಿಯಾಗಿದ್ದಾಗಿನ ಬಿರುಗಾಳಿ ಬೇರೆ, ಅದು ಇಷ್ಟು ದೊಡ್ಡ ಸುದ್ದಿ ಆಗುವುದೇ ಇಲ್ಲ.

ಸುದ್ದಿಯಾಗದ ಆ ಬಿರುಗಾಳಿಯಲ್ಲಿ ಭಯ ಅನ್ನುವುದು ಒಂದು ಗಂಟೆಯ ಮಾತು. ಒಂದು ಗಂಟೆಯಾದ ಮೇಲೂ ಹಡಗು ಮುಳುಗಿಲ್ಲ ಅಂತ ನಿಮ್ಮ ಮೈಗೇ ಗೊತ್ತಾಗಿಬಿಡುತ್ತೆ. ಆಮೇಲೆ ಉಳಿಯುವುದು ಮೂರೇ: ಸದ್ದು, ಹೊಟ್ಟೆ, ಬೇಜಾರು. ಇದರಲ್ಲಿ ಸದ್ದಿನ ಬಗ್ಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಹೋಗುವಾಗ ಚೆನ್ನಾಗೇ ಇತ್ತು. ಸ್ಟವಾಂಗರ್ ನೋಡಿದೆವು, ಓಲ್ಡನ್ ನೋಡಿದೆವು. ಫ್ಯೋರ್ಡ್ ಒಳಗೆ, ಅಂದರೆ ಬೆಟ್ಟಗಳ ಸಂದಿಯಲ್ಲಿ ಒಳನುಗ್ಗಿದ ಸಮುದ್ರದಲ್ಲಿ, ನೀರು ಕೆರೆಯ ಹಾಗೆ ಇರುತ್ತೆ, ಹೊರಗೆ ಏನಾಗುತ್ತಿದೆ ಅಂತ ಅಲ್ಲಿ ಕೂತವರಿಗೆ ಸುಳಿವೇ ಇರುವುದಿಲ್ಲ. ಮುಂದಿನ ಊರು ಓಲೆಸುಂಡ್. ಅಲ್ಲಿಗೆ ಹೋಗಬೇಕಾದರೆ ಸ್ಟಾಡ್ ಅನ್ನುವ, ಸಮುದ್ರಕ್ಕೆ ಚಾಚಿದ ಭೂಶಿರವನ್ನು ಸುತ್ತಬೇಕು. ಆ ಕರಾವಳಿಯಲ್ಲಿ ಮುಂದೆ ದ್ವೀಪಗಳ ತಡೆ ಇಲ್ಲದೆ ಬಯಲಾಗಿ ನಿಂತಿರುವ ಜಾಗ ಅದು, ಎರಡು ಮೂರು ಕಡೆಯ ಅಲೆಗಳು ಅಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ವೈಕಿಂಗರ ಕಾಲದಲ್ಲಿ ಅದಕ್ಕೆ ಹೆದರಿ ದೋಣಿಗಳನ್ನು ನೆಲದ ಮೇಲೆ ಎಳೆದುಕೊಂಡೇ ದಾಟುತ್ತಿದ್ದರಂತೆ. ಈ ಕಾಲದಲ್ಲೂ ಹಡಗು ಹೋಗಲಿಕ್ಕೆ ಅಂತಲೇ ಬೆಟ್ಟದೊಳಗೆ 1.7 ಕಿ.ಮೀ. ಸುರಂಗ ಕೊರೆಯುವ ಯೋಜನೆ ಹಾಕಿದರು ಅಂದರೆ ಲೆಕ್ಕ ಹಾಕಿ.

ಸಂಜೆ ಕ್ಯಾಪ್ಟನ್ ಮೈಕ್‌ನಲ್ಲಿ ಬಂದ. ಗಾಳಿ ಜಾಸ್ತಿ ಇದೆ, ಓಲೆಸುಂಡ್ ಬಿಟ್ಟು ಸೀದಾ ಬರ್ಗನ್‌ಗೆ ಹೋಗುತ್ತೇವೆ ಅಂದ. ಹಡಗಿನಲ್ಲಿ ಗೊಣಗಾಟವೋ ಗೊಣಗಾಟ. ಇಲ್ಲಿ ದುಡ್ಡಿನ ವಿಷಯ ಒಂದು ಹೇಳಿಬಿಡುತ್ತೇನೆ: ಊರು ತಪ್ಪಿದರೆ ಟಿಕೆಟ್ ದುಡ್ಡು ವಾಪಸ್ ಬರುವುದಿಲ್ಲ, ಸಾಮಾನ್ಯವಾಗಿ ಆ ಬಂದರಿನ ಶುಲ್ಕ ಮಾತ್ರ ಹಡಗಿನಲ್ಲಿರುವ ನಿಮ್ಮ ಖರ್ಚಿನ ಖಾತೆಗೆ ಬರುತ್ತೆ. ನಮಗೆ ಬಂದದ್ದರಲ್ಲಿ ಮೂರು ಜನ ಎರಡು ಸಲ ಕಾಫಿ ಕುಡಿದೆವು, ಅಷ್ಟೆ.

ನಿಜವಾದ ಆಟ ಶುರುವಾಗಿದ್ದು ಬರ್ಗನ್ ಬಿಟ್ಟ ಮೇಲೆ, ವಾಪಸ್ ಬರುವಾಗ. ಕ್ಯಾಪ್ಟನ್ ಭಾಷೆ ನಿಮಗೆ ಅರ್ಥ ಆಗಬೇಕು. 'ಸ್ವಲ್ಪ ಅಲುಗಾಟ ಇರಬಹುದು' ಅಂದರೆ ಟೇಬಲ್ ಮೇಲಿನ ಗ್ಲಾಸು ಎತ್ತಿಡಿ ಅಂತ ಅರ್ಥ. 'ಕೈಗಂಬಿ ಹಿಡಿದುಕೊಂಡು ನಡೆಯಿರಿ' ಅಂದರೆ ರಾತ್ರಿ ನಿದ್ದೆ ಇಲ್ಲ ಅಂತ. ನಮಗೆ ಎರಡನ್ನೂ ಹೇಳಿದ, ಜೊತೆಗೆ ಗಾಳಿಯ ಜೋರು ಅಳೆಯುವ ಮಾಪಕದಲ್ಲಿ ಬ್ಯೂಫೋರ್ಟ್ 9 ಅಂದ. ಅಂದರೆ ಗಾಳಿ ಗಂಟೆಗೆ ಸುಮಾರು 75ರಿಂದ 88 ಕಿ.ಮೀ. ಅಲೆ 5ರಿಂದ 6 ಮೀಟರ್ ಅಂದ. ಆ ಅಂಕಿಯಲ್ಲೂ ಒಂದು ಒಳಗುಟ್ಟಿದೆ: ಸಮುದ್ರದ ವರದಿಯಲ್ಲಿ ಹೇಳುವುದು ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ ಎತ್ತರವನ್ನು, ಹಾಗಾಗಿ ನಡುನಡುವೆ ಒಂದೊಂದು ಅಲೆ ಅದರ ಹತ್ತತ್ತಿರ ಎರಡರಷ್ಟೂ ಬರಬಹುದು. ಇದೇ ಉತ್ತರ ಸಮುದ್ರದಲ್ಲಿ 1995ರ ಜನವರಿ 1ರಂದು ಡ್ರಾಪ್ನರ್ ಅನ್ನುವ ಗ್ಯಾಸ್ ಪ್ಲಾಟ್‌ಫಾರ್ಮಿನ ಉಪಕರಣ 25.6 ಮೀಟರಿನ ಒಂಟಿ ಅಲೆಯನ್ನು ಅಳೆದಿತ್ತು. ಇದನ್ನು ಅಮ್ಮನಿಗೆ ಹೇಳಬೇಡಿ.

ಗಾಳಿ ಬರುತ್ತಿದ್ದುದು ನೈಋತ್ಯದಿಂದ, ನಾವು ಹೋಗುತ್ತಿದ್ದುದು ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಎದುರು ಅಲೆ. ಹಡಗಿನ ಎರಡು ಬದಿಯಲ್ಲೂ ನೀರೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತೆ, ಬ್ರೋಶರ್‌ನಲ್ಲಿ ಅದನ್ನೇ ದೊಡ್ಡದಾಗಿ ಹಾಕಿರುತ್ತಾರೆ. ಅದು ತಡೆಯುವುದು ಎಡಕ್ಕೆ ಬಲಕ್ಕೆ ಹೊರಳುವುದನ್ನು. ಹಡಗಿನ ಮೂತಿ, ಅಂದರೆ ಮುಂದಿನ ತುದಿ, ಎದ್ದು ಬೀಳುವುದಕ್ಕೆ ಅದರ ಹತ್ತಿರ ಔಷಧಿ ಇಲ್ಲ. ಮೂತಿ ಮೇಲೆ ಹೋಗುತ್ತೆ, ಒಂದು ಕ್ಷಣ ಹೊಟ್ಟೆ ಹಗುರಾಗುತ್ತೆ, ಆಮೇಲೆ ಧಡ್! ಕೆಳಗೆ ಬಿದ್ದ ಮೇಲೆ ಇಡೀ ಹಡಗು ಎರಡು ಮೂರು ಸೆಕೆಂಡ್ ಗರಗಸದ ಹಾಗೆ ನಡುಗುತ್ತೆ. ಮೇಲಾಗಿ ದಕ್ಷಿಣಕ್ಕೆ ಬಂದಂತೆಲ್ಲ ಉತ್ತರ ಸಮುದ್ರ ಆಳ ಕಡಿಮೆ, ಬಹಳ ಕಡೆ 50 ಮೀಟರ್ ಕೂಡ ಇಲ್ಲ. ಅಲ್ಲಿ ಅಲೆ ಉದ್ದಕ್ಕೆ ನಿಧಾನವಾಗಿ ಬರುವುದಿಲ್ಲ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತೆ.

ನಮ್ಮ ಕ್ಯಾಬಿನ್ ಮುಂದುಗಡೆ ಇತ್ತು. ಅಗ್ಗ ಅಂದೆನಲ್ಲ.

ಸದ್ದು ಅಂದರೆ ಬರೀ ಧಡ್ ಅಲ್ಲ, ಅದಕ್ಕಾದರೂ ಒಂದು ತಾಳ ಇರುತ್ತೆ. ಗೋಡೆಯ ಹಲಗೆಗಳು ಕಿರ್‌ರ್ ಅನ್ನುತ್ತವೆ, ಹಳೇ ತೊಟ್ಟಿಮನೆಯ ಅಟ್ಟದ ಹಾಗೆ. ಬೀರುವಿನೊಳಗೆ ಹ್ಯಾಂಗರ್‌ಗಳು ಟಿಣ್ ಟಿಣ್ ಟಿಣ್. ಡ್ರಾಯರ್ ತಾನೇ ತೆರೆದು ತಾನೇ ಮುಚ್ಚುತ್ತೆ. ಅಮ್ಮ ಉಪ್ಪಿನಕಾಯಿ ಬಾಟಲಿ ತಂದಿದ್ದರು, ಅದು ಕೆಳಗೆ ಬಿದ್ದು ಮಂಚದ ಅಡಿ ಈ ಗೋಡೆಯಿಂದ ಆ ಗೋಡೆಗೆ ಉರುಳುತ್ತಿತ್ತು. ಕತ್ತಲಲ್ಲಿ ಅದು ಏನು ಅಂತ ಗೊತ್ತಾಗದೆ ಒಂದು ಗಂಟೆ ಕಿವಿ ಕೊಟ್ಟು ಮಲಗಿದ್ದೆವು. ರಾತ್ರಿ 2 ಗಂಟೆಗೆ ಅಮ್ಮ ಎದ್ದು ಲೈಟ್ ಹಾಕಿ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಬೂಟಿನೊಳಗೆ ತುರುಕಿದರು. ಹ್ಯಾಂಗರ್‌ಗಳನ್ನೆಲ್ಲ ಒಟ್ಟುಮಾಡಿ ಲಂಗದ ಲಾಡಿಯಿಂದ ಬಿಗಿದು ಕಟ್ಟಿದರು. ಆಮೇಲೆ ಮಲಗಿ ಗೊರಕೆ ಹೊಡೆದರು. ಎಪ್ಪತ್ತರ ಹತ್ತಿರದ ಹೆಂಗಸು, ಸಮುದ್ರ ನೋಡಿದ್ದೇ ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನಲ್ಲಿ, ಅವರಿಗೆ ಏನೂ ಆಗಲಿಲ್ಲ.

ಆಗಿದ್ದು ಅಪ್ಪನಿಗೆ. ನಮ್ಮಪ್ಪ ಸರ್ಕಾರಿ ಬಸ್ ಚಾಲಕರಾಗಿದ್ದವರು, ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಕೆಂಪು ಬಸ್ ಓಡಿಸಿದವರು. ಕಿಟಕಿಗೆ ತಲೆ ಹಾಕಿ ವಾಂತಿ ಮಾಡುವ ಪ್ರಯಾಣಿಕರ ಬಗ್ಗೆ ಅವರಿಗೆ ಜೀವಮಾನವಿಡೀ ತಾತ್ಸಾರ. 'ಘಾಟಿ ಅಂದ್ರೆ ಏನು, ರಸ್ತೆ ತಾನೆ' ಅನ್ನೋರು. ಆ ರಾತ್ರಿ ಅವರು ಹಿಡಿದ ಕವರ್ ಬಿಡಲಿಲ್ಲ. ಇದಕ್ಕೆ ಕಾರಣ ಇದೆ ನೋಡಿ. ಕಿವಿಯೊಳಗಿನ ಸಮತೋಲನದ ಅಂಗ 'ಅಲ್ಲಾಡ್ತಿದ್ದೀವಿ' ಅನ್ನುತ್ತೆ, ಕಣ್ಣು ಕ್ಯಾಬಿನ್ನಿನ ಗೋಡೆ ನೋಡಿ 'ಇಲ್ವಲ್ಲ' ಅನ್ನುತ್ತೆ, ಈ ಜಗಳ ಹೊಟ್ಟೆಗೆ ಬರುತ್ತೆ. ಸ್ಟೇರಿಂಗ್ ಹಿಡಿದವನಿಗೆ ತಿರುವು ಬರುವ ಮೊದಲೇ ಗೊತ್ತಿರುತ್ತೆ, ಅದಕ್ಕೆ ಚಾಲಕರಿಗೆ ವಾಂತಿ ಬರುವುದು ಅಪರೂಪ. ಹಡಗಿನಲ್ಲಿ ಅಪ್ಪ ಮೊದಲ ಸಲ ಹಿಂದಿನ ಸೀಟಿನವರಾಗಿದ್ದರು. ಆ ಸ್ಥಿತಿಯಲ್ಲೂ ಸುಮ್ನಿರಲಿಲ್ಲ. ಪ್ರತಿ ಧಡ್‌ಗೂ, 'ಯಾರೋ ಇದನ್ನ ಓಡಿಸ್ತಿರೋದು, ಗುಂಡಿ ಕಂಡ್ರೂ ಹಾಗೇ ಇಳಿಸ್ತಾನಲ್ಲ' ಅಂತ ಬೈಗುಳ. ಬೆಳಗಿನ ಜಾವ ಎಂಜಿನ್ ಸದ್ದು ಇಳಿದು, ಬಡಿತ ಸ್ವಲ್ಪ ಮೆತ್ತಗಾಯಿತು. ಕ್ಯಾಪ್ಟನ್ ವೇಗ ತಗ್ಗಿಸಿ, ಅಲೆಗೆ ಕೊಂಚ ಓರೆಯಾಗಿ ತಿರುಗಿಸಿದ್ದ, ಎದುರು ಅಲೆಗೆ ಮಾಡುವುದೇ ಅದು. ಅಪ್ಪ ಕಣ್ಣು ಮುಚ್ಚಿಕೊಂಡೇ, 'ಹ್ಞಾಂ, ಈಗ ಗೇರ್ ಇಳಿಸ್ದ' ಅಂದರು.

ಮಾತ್ರೆ ಬಗ್ಗೆ. ನಮ್ಮಲ್ಲಿ ಘಾಟಿಗೆ ಕೊಡುವ ಅವೋಮಿನ್, ಸ್ಟುಜೆರಾನ್ ಇಲ್ಲೂ ಅದೇ ಕೆಲಸ ಮಾಡುತ್ತವೆ, ಆದರೆ ಸಮುದ್ರ ಕೆಡುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಅಪ್ಪ 'ನಂಗ್ಯಾಕೆ' ಅಂತ ತಗೊಂಡಿರಲಿಲ್ಲ. ನಿಮ್ಮ ತಂದೆಗೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಈ ಮಾತ್ರೆಗಳಲ್ಲಿ ಕೆಲವು ಆಗಿಬರುವುದಿಲ್ಲ. ನಿದ್ದೆಯೂ ಬರುತ್ತೆ, ವಯಸ್ಸಾದವರು ಆ ಮಂಪರಿನಲ್ಲಿ ಅಲ್ಲಾಡುವ ಹಡಗಿನಲ್ಲಿ ಬಾತ್‌ರೂಮಿಗೆ ಎದ್ದು ಹೋಗುವುದೇ ನಿಜವಾದ ಅಪಾಯ. ಬಿರುಗಾಳಿಯಲ್ಲಿ ಜನಕ್ಕೆ ಏಟಾಗುವುದು ಮೆಟ್ಟಿಲಲ್ಲಿ, ಶವರ್‌ನಲ್ಲಿ, ಬಾಗಿಲ ಸಂದಿಗೆ ಬೆರಳು ಸಿಕ್ಕಿ. ಹಡಗು ವಾಲಿದಾಗ ಆ ಭಾರದ ಬಾಗಿಲು ಕತ್ತಿಯ ಹಾಗೆ ಮುಚ್ಚಿಕೊಳ್ಳುತ್ತೆ. ಹಿಡಿಕೆ ಬಿಟ್ಟು ಬಾಗಿಲಿನ ಬೇರೆ ಎಲ್ಲೂ ಕೈ ಇಡಬೇಡಿ ಅಂತ ಅಮ್ಮನಿಗೆ ಹತ್ತು ಸಲ ಹೇಳಿ.

ಬೆಳಗ್ಗೆ ಹೊರಗೆ ಬಂದರೆ ಬೇರೆಯೇ ಹಡಗು. ಮೆಟ್ಟಿಲ ಕೈಗಂಬಿಯ ಉದ್ದಕ್ಕೂ ಮದುವೆ ಮನೆಯ ತೋರಣದ ಹಾಗೆ ವಾಂತಿ ಕವರ್ ಸಿಕ್ಕಿಸಿದ್ದರು. ಹೊರಗಿನ ಡೆಕ್‌ಗಳಿಗೆಲ್ಲ ಬೀಗ. ಈಜುಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಬಿಗಿದಿದ್ದರು. ರಿಸೆಪ್ಷನ್‌ನಲ್ಲಿ ಬುಟ್ಟಿ ತುಂಬ ಹಸಿರು ಸೇಬು, ಪಕ್ಕದಲ್ಲಿ ಬಿಸ್ಕತ್ತು. ಹಿಂದಿನ ದಿನ ಬಫೆಯಲ್ಲಿ ಜಾಗಕ್ಕೆ ಜಗಳ ಆಡಿದ್ದ ಜನ ಅರ್ಧಕ್ಕರ್ಧ ಮಾಯ. ಉಳಿದವರೆಲ್ಲ ಕುಡಿದವರ ಹಾಗೆ ನಡೆಯುತ್ತ, ಗುರುತಿಲ್ಲದಿದ್ದರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಏಳು ದಿನದಲ್ಲಿ ಆ ಇಂಗ್ಲಿಷ್ ಅಜ್ಜ ಅಜ್ಜಿಯರು ನಮ್ಮ ಜೊತೆ ಮಾತಾಡಿದ್ದು ಅವತ್ತೇ ಜಾಸ್ತಿ.

ನಮ್ಮ ಟೇಬಲ್ಲಿಗೆ ಬರುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ಅವನು ಮೇಜುಬಟ್ಟೆಯ ಮೇಲೆ ನೀರು ಚಿಮುಕಿಸಿ ಒದ್ದೆ ಮಾಡುತ್ತಿದ್ದ. ಅಮ್ಮ ಯಾಕಪ್ಪಾ ಅಂದರು. ಒದ್ದೆ ಬಟ್ಟೆ ಮೇಲೆ ತಟ್ಟೆ ಜಾರಲ್ಲವಂತೆ. ಲೋಟಕ್ಕೆ ಅರ್ಧ ಮಾತ್ರ ಟೀ ಹಾಕಿದ. ಅಮ್ಮ ಮೆಲ್ಲಗೆ, 'ಏನೂ ಆಗಲ್ವಾ ಮಗಾ?' ಅಂತ ಕೇಳಿದ್ದಕ್ಕೆ, 'ಎಂತದೂ ಆತಿಲ್ಲೆ ಅಮ್ಮ' ಅಂದ. ಕ್ಯಾಪ್ಟನ್ ಅಷ್ಟು ಸಲ ಮೈಕ್‌ನಲ್ಲಿ ಹೇಳಿದ್ದು ಅಮ್ಮನಿಗೆ ತಟ್ಟಿರಲಿಲ್ಲ, ಇದು ತಟ್ಟಿತು. ಆ ಹುಡುಗ ಎರಡು ರಾತ್ರಿ ಸರಿಯಾಗಿ ಮಲಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವರ ಕ್ಯಾಬಿನ್ ಕೆಳಗೆ, ಮೂತಿಯ ಹತ್ತಿರ.

ಮಧ್ಯಾಹ್ನ ಬರೀ ಬೇಜಾರು. ಪುಸ್ತಕ ಓದಿದರೆ ತಲೆ ತಿರುಗುತ್ತೆ, ಫೋನ್ ನೋಡಿದರೂ ಅಷ್ಟೆ. ಸಂಜೆಯ ಡ್ಯಾನ್ಸ್ ಶೋ ರದ್ದು. ಅಪ್ಪನನ್ನು ಹೇಗೋ ಎಬ್ಬಿಸಿ ಹಡಗಿನ ನಡುಭಾಗದ ಕೆಳ ಡೆಕ್ಕಿನಲ್ಲಿ, ದೊಡ್ಡ ಕಿಟಕಿಯ ಎದುರು ಕೂರಿಸಿದೆ. ದಿಗಂತ ಕಂಡರೆ ಕಣ್ಣಿಗೂ ಕಿವಿಗೂ ರಾಜಿ ಆಗುತ್ತೆ. ಒಣ ಅವಲಕ್ಕಿ ಒಂದೊಂದೇ ಚಿಟಿಕೆ ಬಾಯಿಗೆ ಹಾಕಿಕೊಂಡು ಎರಡು ಗಂಟೆ ಅಲೆ ನೋಡುತ್ತ ಕೂತರು. ಸಂಜೆ ಹೊತ್ತಿಗೆ, ದೊಡ್ಡ ಅಲೆ ಬರುವ ಮೊದಲೇ 'ಹ್ಞಾಂ ಬಂತು ಹಿಡ್ಕೊ' ಅನ್ನುವಷ್ಟು ಸುಧಾರಿಸಿದ್ದರು. ಸೌತಾಂಪ್ಟನ್ ತಲುಪಿದ್ದು 5 ಗಂಟೆ ತಡವಾಗಿ.

ಈಗ ನಿಮ್ಮ ಕ್ಯಾಬಿನ್. ಹಡಗನ್ನು ಏತದ ಹಲಗೆ ಅಂತ ಅಂದುಕೊಳ್ಳಿ. ತುದಿ ಎದ್ದು ಬೀಳುತ್ತೆ, ನಡು ಕಡಿಮೆ ಅಲ್ಲಾಡುತ್ತೆ. ಎತ್ತರಕ್ಕೆ ಹೋದಷ್ಟೂ ತೂಗುವುದು ಜಾಸ್ತಿ. ಹಾಗಾಗಿ ನಡುವೆ, ಕೆಳಗೆ. ಬಾಲ್ಕನಿ ಆಸೆ ಬಿಡಿ, ಗಾಳಿ ಎದ್ದರೆ ಆ ಬಾಗಿಲು ತೆರೆಯಲು ಬಿಡುವುದೇ ಇಲ್ಲ. ಪ್ರಯಾಣದ ದಿನಾಂಕ ಬದಲಾಯಿಸಲು ಆದರೆ ಜೂನ್, ಜುಲೈ ನೋಡಿ, ಬಿರುಗಾಳಿ ಅಷ್ಟಿರುವುದಿಲ್ಲ, ದುಡ್ಡು ಜಾಸ್ತಿ. ಆಗದಿದ್ದರೆ ಸೆಪ್ಟೆಂಬರ್‌ನಲ್ಲೇ ಹೋಗಿ, ಒಂದು ಊರು ತಪ್ಪಬಹುದು ಅಂತ ಮೊದಲೇ ಮನೆಯಲ್ಲಿ ಹೇಳಿಟ್ಟಿರಿ.

ಇಳಿದ ಮೇಲೂ ಒಂದೆರಡು ದಿನ ನೆಲ ತೂಗುತ್ತೆ, ಹೆದರಬೇಡಿ. ಮನೆಗೆ ಬಂದ ಮರುದಿನ ಅಪ್ಪ ಅಡುಗೆಮನೆಯಲ್ಲಿ ಕಾಫಿಗೆ ಕಾಯುತ್ತ ಕಟ್ಟೆ ಹಿಡಿದುಕೊಂಡು ನಿಂತಿದ್ದರು. ಅಮ್ಮ ಲೋಟಕ್ಕೆ ಅರ್ಧ ಮಾತ್ರ ಹಾಕಿ ಕೊಟ್ಟರು.

ಕ್ಯಾಬಿನ್ ನಂಬರ್ ಮತ್ತು ಹಡಗಿನ ಹೆಸರು ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಡೆಕ್ ಪ್ಲಾನ್ ನೋಡಿ ಹೇಳುತ್ತೇನೆ.