ತೋಡಿನ ಬದಿಯ ನೀಲಿ ಪತಂಗ

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ತೋಟದ ತೋಡಿನ ಬದಿ ಹಗಲು ಹೊತ್ತಲ್ಲೇ ದೊಡ್ಡ ನೀಲಿ ಚಿಟ್ಟೆಗಳು ಹಾರಾಡುತ್ತಿವೆ. ಮೈತುಂಬ ಕಡು ನೇರಳೆ ಮಚ್ಚೆ. ಮಗಳು ‘ನೀಲಿ ಹುಲಿ’ ಚಿಟ್ಟೆ ಅನ್ನುತ್ತಾಳೆ, ಹೌದಾ? ಅಲ್ಲೇ ಒಂದು ಮರದಲ್ಲಿ ಹಳದಿ ಹುಳುಗಳೂ ಇವೆ. ಔಷಧಿ ಹೊಡೆಯಬೇಕಾ? ಫೋಟೊ ಕಳಿಸಿದ್ದೇನೆ.
– ಓದುಗರು, ಹೆಬ್ರಿ

ಉತ್ತರ: ಔಷಧಿ ಖಂಡಿತ ಬೇಡ, ಮೊದಲು ಅದನ್ನು ಹೇಳಿಬಿಡುತ್ತೇನೆ.

ನೀವು ನೋಡಿದ್ದು ಚಿಟ್ಟೆ ಅಲ್ಲ, ಹಗಲಲ್ಲಿ ಹಾರುವ ಪತಂಗ. ಹೆಸರು ಡಿಸ್ಫೇನಿಯಾ ಪರ್ಕೋಟಾ. 1891ರಲ್ಲಿ ಸ್ವಿನ್ಹೋ ಎಂಬವರು ಇದನ್ನು ಮೊದಲು ವಿವರಿಸಿದರು. ಮಗಳ ಊಹೆ ತೀರಾ ದೂರವೇನಿಲ್ಲ, ಇದಕ್ಕೆ ಬ್ಲೂ ಟೈಗರ್ ಮಾತ್ ಎಂದೇ ಹೆಸರು. ಆದರೆ ನೀಲಿ ಹುಲಿ ಚಿಟ್ಟೆಯ ರೆಕ್ಕೆ ಕಪ್ಪು, ಅದರ ಮೇಲೆ ತಿಳಿನೀಲಿ ಗೆರೆಗಳು. ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ಮಗಳಿಗೆ ಮೀಸೆ ತೋರಿಸಿ. ಚಿಟ್ಟೆಯ ಮೀಸೆ ತುದಿಯಲ್ಲಿ ದಪ್ಪಗಾಗಿ ಗುಂಡಗಿರುತ್ತದೆ. ಇದರದ್ದು ಹಾಗಿಲ್ಲ, ಅಲ್ವಾ? ಇದೇ ಬಳಗದ ಪಾಮೈರಾ ಎಂಬ ಇನ್ನೊಂದು ಪತಂಗವೂ ದಕ್ಷಿಣ ಭಾರತದಲ್ಲಿದೆ. ಅದರ ಹಿಂದಿನ ರೆಕ್ಕೆಯಲ್ಲಿ ಹಳದಿ ಜಾಸ್ತಿ. ನಿಮ್ಮದು ಪೂರ್ತಿ ನೀಲಿ, ಹಾಗಾಗಿ ಪರ್ಕೋಟಾ.

ಆ ಹಳದಿ ಹುಳುಗಳು ಇದರ ಮಕ್ಕಳೇ. ಮೈಮೇಲೆ ನೀಲಿಗಪ್ಪು ಚುಕ್ಕೆ ಇವೆಯಾ ನೋಡಿ. ಬೆನ್ನನ್ನು ಕಮಾನು ಮಾಡಿ, ಗೇಣು ಹಾಕಿ ಅಳೆದ ಹಾಗೆ ನಡೆಯುತ್ತವೆ. ಕೊಂಬೆ ಸ್ವಲ್ಪ ಅಲುಗಿಸಿದರೆ ಸಾಕು, ಹಿಂಗಾಲು ಗಟ್ಟಿ ಹಿಡಿದು ಮೈಯನ್ನು ನೆಟ್ಟಗೆ ಎತ್ತಿ ನಿಲ್ಲುತ್ತವೆ. ಹಕ್ಕಿಯನ್ನು ಹೆದರಿಸುವ ಉಪಾಯ ಅದು. ನನಗಂತೂ ಪತಂಗಕ್ಕಿಂತ ಈ ಹುಳುಗಳನ್ನು ನೋಡುವುದೇ ಹೆಚ್ಚು ಇಷ್ಟ.

ಮರ ಯಾವುದೆಂದು ನೀವು ಬರೆದಿಲ್ಲ. ಈ ಹುಳುಗಳ ಮುಖ್ಯ ಆಹಾರ ಕರಾಲಿಯಾ ಬ್ರಾಕಿಯಾಟಾ ಮರದ ಎಲೆ. ನಮ್ಮ ಕಡೆ ಕೆಲವರು ಆಂಡಿಪುನಾರು ಎನ್ನುತ್ತಾರೆ. ಹೊಳೆಬಾಯಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕುಟುಂಬದ್ದೇ, ಆದರೆ ಬೆಳೆಯುವುದು ಸಿಹಿನೀರಿನ ತೋಡು, ಕಾಡಿನ ಅಂಚಿನಲ್ಲಿ. ಎದುರು ಬದುರು ಜೋಡಿ ಎಲೆ, ದಪ್ಪಗೆ ಹೊಳೆಯುತ್ತದೆ. ಎಲೆ ಉದುರಿದ ಕಡೆ ಎಳೆ ಕೊಂಬೆಯ ಸುತ್ತ ಬಳೆಯಂಥ ಗುರುತು ಉಳಿದಿರುತ್ತದೆ. ಅಡಿಕೆಗೂ ತೆಂಗಿಗೂ ಈ ಹುಳುಗಳಿಂದ ತೊಂದರೆ ಇಲ್ಲ. ತಿಂದ ಮರವೂ ಮತ್ತೆ ಚಿಗುರುತ್ತದೆ.

ತೋಡಿನ ಬದಿ ಸ್ವಚ್ಛ ಮಾಡಿಸುವಾಗ ಕತ್ತಿ ಹಿಡಿದವರಿಗೆ ಈ ಮರ ಬಿಡಲು ಹೇಳಿ. ಹುಳುಗಳು ಕಾಣೆಯಾದರೆ ಮಡಚಿ ಅಂಟಿಸಿದ ಎಲೆಗಳನ್ನು ಹುಡುಕಿ, ಒಳಗೆ ಕೋಶ ಇರುತ್ತದೆ. ಬಿಡಿಸಬೇಡಿ, ಹೊರಗಿಂದಲೇ ಒಂದು ಫೋಟೊ ತೆಗೆದು ಕಳಿಸಿ.