ಸ್ವಿಟ್ಜರ್ಲೆಂಡ್ ಬಿಟ್ಟು ಆಲ್ಪ್ಸ್‌ನಲ್ಲಿ ಎಲ್ಲಿಗೆ ಹೋಗೋದು? ಬೋಹಿನ್ ಕಡೆ ಹೋಗಿ

ನೀವು ಕೇಳಿರುವುದು ಇಷ್ಟು: ಆಲ್ಪ್ಸ್ ನೋಡಬೇಕು, ಸ್ವಿಟ್ಜರ್ಲೆಂಡಿನ ಖರ್ಚು, ಗದ್ದಲ ಬೇಡ. ಹಳೇ ಊರು, ಸರೋವರ, ಬೆಟ್ಟ ಮೂರೂ ಬೇಕು. ಜೊತೆಗೆ ಅರವತ್ತು ದಾಟಿದ ಅಪ್ಪ ಅಮ್ಮ ಇರುತ್ತಾರೆ. ಕೈಲಿರುವುದು ಐದು ದಿನ.

ಸ್ಲೊವೇನಿಯಾಕ್ಕೆ ಹೋಗಿ. ಅದರ ವಾಯವ್ಯ ಮೂಲೆಯಲ್ಲಿ ಗೊರೆನ್ಸ್ಕಾ ಅಂತ ಒಂದು ಪ್ರಾಂತ್ಯ ಇದೆ. ನಾನು ಮ್ಯೂನಿಕ್‌ನಲ್ಲಿ ಕೆಲಸಕ್ಕಿದ್ದೇನೆ. ಮೊದಲ ಸಲ ಒಬ್ಬನೇ ಹೋಗಿದ್ದೆ. ಆಮೇಲೆ ಮೈಸೂರಿನಿಂದ ಅಮ್ಮ ಬಂದಿದ್ದಾಗ, ಒಂದು ಸೆಪ್ಟೆಂಬರಲ್ಲಿ, ಅವರನ್ನೂ ಕರೆದುಕೊಂಡು ಹೋದೆ. ಆದ್ದರಿಂದ ಮಂಡಿನೋವಿನವರ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ.

ಆ ಕಡೆ ಹೋಗುವವರೆಲ್ಲ ಬ್ಲೆಡ್‌ಗೆ ಹೋಗುತ್ತಾರೆ. ಅಲ್ಲೊಂದು ಸರೋವರ, ಅದರ ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು, ಹತ್ತಲು 99 ಮೆಟ್ಟಿಲು. ಫೋಟೋದಲ್ಲಿ ನೋಡಿಯೇ ಇರುತ್ತೀರಿ. ಚೆನ್ನಾಗಿಲ್ಲ ಅಂತಲ್ಲ, ಆದರೆ ಅರ್ಧ ದಿನ ಸಾಕು. ರಾತ್ರಿ ಅಲ್ಲಿ ತಂಗಬೇಡಿ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 25 ಕಿ.ಮೀ. ಮುಂದೆ ಹೋದರೆ ಬೋಹಿನ್ ಸರೋವರ. ಹೆಸರಿನ ಕೊನೆಗೆ ಒಂದು ‘ಜೆ’ ಅಕ್ಷರ ಇದೆ. ಅದನ್ನು ನೋಡಿ ನಾನು ‘ಬೋಹಿಂಜ್’ ಅಂತ ಟಿಕೆಟ್ ಕೇಳಿದ್ದೆ, ಡ್ರೈವರ್ ನಕ್ಕುಬಿಟ್ಟ.

ಇದು ಆ ದೇಶದಲ್ಲಿ ವರ್ಷವಿಡೀ ನೀರಿರುವ ಅತಿ ದೊಡ್ಡ ನೈಸರ್ಗಿಕ ಸರೋವರ. ಉದ್ದ ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಆಳ 45 ಮೀಟರ್. ಹಿಮನದಿ ಕೊರೆದ ಗುಂಡಿ, ಅದಕ್ಕೇ ಮೂರು ಕಡೆ ಬೆಟ್ಟ ಗೋಡೆಯ ಹಾಗೆ ಎದ್ದು ನಿಂತಿದೆ. ರಿಬ್ಚೆವ್ ಲಾಜ್ ಅನ್ನುವ ಹಳ್ಳಿಯ ತುದಿಯಲ್ಲಿ ಒಂದು ಕಲ್ಲಿನ ಸೇತುವೆ ಇದೆ. ಅಮ್ಮ ಅದರ ಮೇಲೆ ನಿಂತು ಬಗ್ಗಿ ನೋಡಿದರು. ತಳದ ಕಲ್ಲು, ಕಲ್ಲಿನ ಮೇಲೆ ಮೀನಿನ ನೆರಳು, ಎಲ್ಲಾ ಕಾಣುತ್ತಿತ್ತು. “ಇದೇನೋ ಕೆರೆ ಕಣೋ, ಪಾಚಿನೇ ಇಲ್ಲ!” ಅಂದರು. ಸೇತುವೆ ದಾಟಿದರೆ ಸಂತ ಯೋಹಾನನ ಹಳೇ ಚರ್ಚು. ಅದರ ಹೊರಗೋಡೆಯ ಮೇಲೆ ಸಂತ ಕ್ರಿಸ್ಟೋಫರ್‌ನನ್ನು ಆಳೆತ್ತರಕ್ಕೆ ಬರೆದಿದ್ದಾರೆ. ಆತನ ಚಿತ್ರ ಕಣ್ಣಿಗೆ ಬಿದ್ದರೆ ಆ ದಿನ ಹಠಾತ್ತನೆ ಸಾವು ಬರುವುದಿಲ್ಲ ಅನ್ನುವ ನಂಬಿಕೆ ಹಿಂದೆ ಇತ್ತು. ದಾರಿಹೋಕರಿಗೆ ದೂರದಿಂದಲೇ ಕಾಣಲಿ ಅಂತ ಹೊರಗೆ ಬರೆಯುತ್ತಿದ್ದರು.

ಅಪ್ಪ ಅಮ್ಮನಿಗೆ ಸುಲಭವಾದದ್ದು ಎರಡು. ರಿಬ್ಚೆವ್ ಲಾಜ್‌ನಿಂದ ಸರೋವರದ ಆ ತುದಿಗೆ ಬ್ಯಾಟರಿ ದೋಣಿ ಹೋಗುತ್ತದೆ, ಸದ್ದೇ ಇಲ್ಲ. ಆ ತುದಿಯ ಹತ್ತಿರ ವೋಗೆಲ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ, 1,535 ಮೀಟರ್ ಎತ್ತರದವರೆಗೆ. ಮೇಲೆ ನಿಂತರೆ ಕೆಳಗೆ ಇಡೀ ಸರೋವರ, ಎದುರಿಗೆ ಟ್ರಿಗ್ಲಾವ್ ಬೆಟ್ಟ. ಸವಿತ್ಸಾ ಜಲಪಾತಕ್ಕೆ ಮಾತ್ರ ಹಿರಿಯರನ್ನು ಯೋಚಿಸಿ ಕರೆದೊಯ್ಯಿರಿ. 78 ಮೀಟರಿನ ಜಲಪಾತ, ಬಂಡೆಯ ಹೊಟ್ಟೆಯಿಂದಲೇ ನೀರು ಹೊರಗೆ ಹಾರುತ್ತದೆ, ನಿಜಕ್ಕೂ ನೋಡುವಂಥದ್ದು. ಆದರೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಅಮ್ಮ ಕೆಳಗೇ ಕಾಫಿ ಕುಡಿಯುತ್ತಾ ಕೂತರು.

ಟ್ರಿಗ್ಲಾವ್ ಅಂದರೆ ಮೂರು ತಲೆ ಅಂತ ಅರ್ಥ ಹೇಳುತ್ತಾರೆ. 2,864 ಮೀಟರ್, ದೇಶದಲ್ಲೇ ಎತ್ತರದ ಬೆಟ್ಟ. ಅವರ ಬಾವುಟದಲ್ಲೂ ಅದೇ ಇದೆ. 1778ರಲ್ಲಿ ಬೋಹಿನ್ ಕಡೆಯ ನಾಲ್ಕು ಜನ ಮೊದಲ ಸಲ ಇದನ್ನು ಹತ್ತಿದರು. ಆಲ್ಪ್ಸ್‌ನಲ್ಲೇ ಅತಿ ಎತ್ತರದ ಮೌಂಟ್ ಬ್ಲಾಂಕ್ ಶಿಖರವನ್ನು ಮೊದಲು ಹತ್ತಿದ್ದು 1786ರಲ್ಲಿ, ಅಂದರೆ ಇವರೇ ಎಂಟು ವರ್ಷ ಮುಂದೆ! ಆ ನಾಲ್ವರ ಪ್ರತಿಮೆ ರಿಬ್ಚೆವ್ ಲಾಜ್‌ನಲ್ಲಿದೆ. ಸ್ಲೊವೇನಿಯಾದವರಾದ ಮೇಲೆ ಜೀವನದಲ್ಲಿ ಒಮ್ಮೆ ಇದನ್ನು ಹತ್ತಲೇಬೇಕು ಅನ್ನುವ ಮಾತು ಅಲ್ಲಿದೆ. ನಾನು ಹತ್ತಿಲ್ಲ. ಮೇಲಿನ ಭಾಗದಲ್ಲಿ ಕಬ್ಬಿಣದ ಹಗ್ಗ ಹಿಡಿದು ಹೋಗಬೇಕು, ನನಗೆ ಅಷ್ಟು ಧೈರ್ಯ ಇಲ್ಲ.

ಇನ್ನು ಹಳೇ ಊರು. ಒಂದೇ ಆರಿಸಿ ಅಂದರೆ ನಾನು ಷ್ಕೊಫ್ಯಾ ಲೋಕಾ ಅನ್ನುತ್ತೇನೆ. ರಾಜಧಾನಿ ಲ್ಯುಬ್ಲಿಯಾನಾದಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಸ್ಟೇಷನ್ ಊರಲ್ಲಿಲ್ಲ, ಸುಮಾರು ಮೂರು ಕಿ.ಮೀ. ದೂರ. ನಾವು ಭಾನುವಾರ ಇಳಿದೆವು, ಬಸ್ ಕಾಣಲಿಲ್ಲ. ಟ್ರಾಲಿ ಎಳೆದುಕೊಂಡು ನಡೆದೇ ಹೋದೆವು. ಮೊದಲೇ ನೋಡಿಕೊಳ್ಳಬಾರದಾ ಅಂತ ಅಮ್ಮ ದಾರಿಯುದ್ದಕ್ಕೂ ಬೈದರು, ನ್ಯಾಯವೇ.

973ರಲ್ಲಿ ಚಕ್ರವರ್ತಿ ಎರಡನೇ ಓಟೋ ಈ ಸೀಮೆಯನ್ನು ಜರ್ಮನಿಯ ಬವೇರಿಯಾದ ಫ್ರೈಸಿಂಗ್ ಬಿಷಪ್ಪರಿಗೆ ದಾನ ಕೊಟ್ಟ. ಹೆಸರಿನ ‘ಷ್ಕೊಫ್ಯಾ’ ಅಂದರೇ ಬಿಷಪ್ಪನದು ಅಂತ. ಫ್ರೈಸಿಂಗ್ ನನ್ನ ಮನೆಯಿಂದ ಲೋಕಲ್ ರೈಲಿನಲ್ಲಿ ಹೋಗಿಬರುವ ಊರು. ಅಲ್ಲಿನವರು ಎಂಟುನೂರಕ್ಕೂ ಹೆಚ್ಚು ವರ್ಷ ಇಷ್ಟು ದೂರದ ಕಣಿವೆಯನ್ನು ಆಳಿದರಾ ಅಂತ ಆಶ್ಚರ್ಯವಾಯಿತು. ಊರಿಗೆ ಹೊಂದಿಕೊಂಡು ಕಮಾನಿನ ಕಲ್ಲು ಸೇತುವೆ ಇದೆ. ಅದನ್ನು ಕಟ್ಟಿಸಿದ ಬಿಷಪ್ ಲಿಯೊಪೋಲ್ಡ್ ಕುದುರೆ ಸಮೇತ ಅದರಿಂದಲೇ ಬಿದ್ದು ಸತ್ತ ಅಂತ ಕತೆ ಹೇಳುತ್ತಾರೆ. ಆಗ ಸೇತುವೆಗೆ ಕಟಕಟೆ ಇರಲಿಲ್ಲವಂತೆ. ಸ್ಲೊವೇನಿಯನ್ ಭಾಷೆಯಲ್ಲಿ ಉಳಿದಿರುವ ಅತಿ ಹಳೆಯ ನಾಟಕವೂ ಈ ಊರಿನದೇ, 1721ರದು. ಯೇಸುವಿನ ಕೊನೆಯ ದಿನಗಳನ್ನು ಬೀದಿಯಲ್ಲಿ ಮೆರವಣಿಗೆ ಹೋಗುತ್ತಾ ಆಡುತ್ತಾರೆ. ಯುನೆಸ್ಕೋ 2016ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು.

ಸಮಯ ಉಳಿದರೆ ಬ್ಲೆಡ್ ಪಕ್ಕದ ರಾದೋವ್ಲಿತ್ಸಾಗೆ ಹೋಗಿ, ಜೇನುಸಾಕಣೆ ಮ್ಯೂಸಿಯಂಗೋಸ್ಕರ. ಸುಮ್ನೆ ಜೇನಲ್ವಾ ಅನ್ನಬೇಡಿ. ಇಲ್ಲಿನ ರೈತರು ಜೇನುಪೆಟ್ಟಿಗೆಯ ಮುಂದಿನ ಹಲಗೆಯ ಮೇಲೆ ಚಿತ್ರ ಬರೆಸುತ್ತಿದ್ದರು. ಒಂದರಲ್ಲಿ ಕಾಡುಪ್ರಾಣಿಗಳೆಲ್ಲ ಸೇರಿ ಬೇಟೆಗಾರನ ಹೆಣ ಹೊತ್ತು ಹೋಗುತ್ತಿವೆ. ಇನ್ನೊಂದರಲ್ಲಿ ಸೈತಾನ ಸಾಣೆಕಲ್ಲಿಗೆ ಒಬ್ಬ ಹೆಂಗಸಿನ ನಾಲಿಗೆ ಹಿಡಿದು ಚೂಪು ಮಾಡುತ್ತಿದ್ದಾನೆ. ಅಮ್ಮ ಅದರ ಮುಂದೆ ನಿಂತು, “ಬರೆಸಿದವನ ಹೆಂಡತಿ ನೋಡಿದ್ಲಾ ಇದನ್ನ?” ಅಂತ ಕೇಳಿದರು.

ಊಟದ ಚಿಂತೆ ಬೇಡ. ಜ್ಗಾಂತ್ಸಿ ಅಂತ ಸಿಗುತ್ತದೆ. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನದು. ಮುದ್ದೆ ಮಾಡಿ ಆಮೇಲೆ ಫೋರ್ಕಿನಲ್ಲಿ ಉದುರಿಸಿದ ಹಾಗಿರುತ್ತದೆ. ಹುಳಿ ಹಾಲಿನ ಜೊತೆ ತಿನ್ನುತ್ತಾರೆ, ನಮ್ಮ ಮೊಸರಿನ ರುಚಿಯೇ. ಸಸ್ಯಾಹಾರಿಗಳಾದರೆ ಮೊದಲೇ ಹೇಳಿ, ಇಲ್ಲದಿದ್ದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸಿ ತಂದುಬಿಡುತ್ತಾರೆ.

ಐದು ದಿನ ಅಂದರೆ ಎರಡು ರಾತ್ರಿ ಷ್ಕೊಫ್ಯಾ ಲೋಕಾ, ಮೂರು ರಾತ್ರಿ ಬೋಹಿನ್. ಬ್ಲೆಡ್ ದಾರಿಯಲ್ಲಿ ಆಗಿಹೋಗುತ್ತದೆ. ಷೆಂಗೆನ್ ವೀಸಾ, ಯೂರೋ ನಡೆಯುತ್ತದೆ. ಸೆಪ್ಟೆಂಬರ್ ಒಳ್ಳೆಯದು, ಮೇಲಿನ ಹುಲ್ಲುಗಾವಲಿಂದ ದನ ಕೆಳಗಿಳಿಯುವ ಹಬ್ಬವೂ ಆಗಲೇ. ಕೊಡೆ ಮರೆಯಬೇಡಿ. ಬೋಹಿನ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಮೊದಲ ಸಲ ನಾನು ಎರಡು ದಿನ ರೂಮಲ್ಲೇ ಕೂತಿದ್ದೆ.

ಮತ್ತೆ ಅಲ್ಲಿ ಮೊಹಾಂತ್ ಅನ್ನುವ ಚೀಸ್ ಮಾರುತ್ತಾರೆ, ಬೋಹಿನ್ ಕಡೆಯದೇ. ರುಚಿ ಚೆನ್ನಾಗಿದೆ. ಆದರೆ ಅಲ್ಲೇ ತಿಂದು ಮುಗಿಸಿ. ನಾನು ಬ್ಯಾಗಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಬ್ಲೆಡ್ ಬರುವ ಹೊತ್ತಿಗೆ ಅಮ್ಮ ಎದ್ದು ಮುಂದಿನ ಸೀಟಿಗೆ ಹೋಗಿ ಕೂತಿದ್ದರು.